ಭದ್ರಾವತಿಯ ರೈಲು ನಿಲ್ದಾಣವೂ ಸರಕಿನ ಹಾದಿಗಳೂ

ಬೆಳೆಯನ್ನು ಬೆಳೆಯುವುದು ಬೇಸಾಯದಲ್ಲಿ ಅರ್ಧಭಾಗವೇ ಹೊರತು ಪೂರ್ಣಭಾಗವಲ್ಲ. ಬೆಳೆದ ಪದಾರ್ಥವನ್ನು ಕೆಡದಂತೆ ಕಾಪಾಡಿ, ಮಿತವಾದ ವೆಚ್ಚದಲ್ಲಿ, ಸಕಾಲಕ್ಕೆ ಅದನ್ನು ಬೇಡತಕ್ಕವರ ಪೇಟೆಗೆ ಮುಟ್ಟಿಸುವುದು ಮಿಕ್ಕ ಅರ್ಧ. ಮೊದಲನೆಯದಕ್ಕೆ ಮಳೆ, ಗೊಬ್ಬರ, ಬೀಜಗಳು ಎಷ್ಟು ಅವಶ್ಯಕವೋ ಎರಡನೆಯದಕ್ಕೆ ದಾರಿಯು ಅಷ್ಟೇ ಅವಶ್ಯಕ. ಶಿವಮೊಗ್ಗ ಜಿಲ್ಲೆಯಲ್ಲಿ ಈ ದಾರಿಯ ಚರಿತ್ರೆಯು ಬಹುಮಟ್ಟಿಗೆ ರೈಲುದಾರಿಯ ಚರಿತ್ರೆಯೇ ಆಗಿದೆ. ಅದರಲ್ಲಿಯೂ ಭದ್ರಾವತಿಯ ನಿಲ್ದಾಣದಿಂದ ಕಾಡಿಗೂ ಬೆಟ್ಟಕ್ಕೂ ಕಾರ್ಖಾನೆಗೂ ಕವಲೊಡೆದಿದ್ದ ಸರಕಿನ ಹಾದಿಗಳ ವೃತ್ತಾಂತವು ಗ್ರಾಮಗಳ ಮುಖಂಡರೂ ಭೂಮಾಲೀಕರೂ ಮನಸ್ಸಿಟ್ಟು ತಿಳಿಯತಕ್ಕದ್ದಾಗಿರುತ್ತದೆ. ಏಕೆಂದರೆ ಆ ಹಾದಿಗಳಲ್ಲಿ ಕೆಲವು ಇಂದಿಗೂ ಉಳಿದುಕೊಂಡಿವೆ. ಕೆಲವು ಹೆಸರೂ ಇಲ್ಲದಂತೆ ಅಳಿದುಹೋಗಿವೆ. ಉಳಿದದ್ದು ಏಕೆ ಉಳಿಯಿತು, ಅಳಿದದ್ದು ಏಕೆ ಅಳಿಯಿತು ಎಂಬುದನ್ನು ವಿಚಾರಿಸಿದರೆ ಮುಂದೆ ನಡೆಯತಕ್ಕ ರೀತಿಯೂ ತಾನಾಗಿ ಗೊತ್ತಾಗುವುದು.

ರೈಲಿಗೆ ಮುಂಚಿನ ಸ್ಥಿತಿ

ರೈಲು ಬರುವುದಕ್ಕೆ ಮೊದಲು ಮಲೆನಾಡಿನ ಸರಕು ಎರಡು ವಿಧವಾಗಿ ಸಾಗುತ್ತಿತ್ತು. ಗಾಡಿಯ ಜಾಡು ಇದ್ದಲ್ಲಿ ಎತ್ತಿನ ಗಾಡಿಗಳು. ಜಾಡು ಇಲ್ಲದ ಘಟ್ಟಗಳಲ್ಲಿ ಹೇರೆತ್ತುಗಳು. ಅಡಿಕೆ, ಮೆಣಸು, ಏಲಕ್ಕಿಗಳು ಕೆಳಕ್ಕೆ ಇಳಿಯುತ್ತಿದ್ದವು. ಉಪ್ಪು, ಬಟ್ಟೆಗಳು ಮೇಲಕ್ಕೆ ಏರುತ್ತಿದ್ದವು. ಮಳೆಗಾಲದ ನಾಲ್ಕು ತಿಂಗಳು ಈ ಎರಡೂ ಬಗೆಯ ಸಾಗಾಟವು ಬಹುತೇಕ ನಿಂತೇಹೋಗುತ್ತಿದ್ದಿತು. ಹೀಗಾಗಿ ಹಗುರವಾಗಿಯೂ ಬೆಲೆಯುಳ್ಳದ್ದಾಗಿಯೂ ಇರುವ ಅಡಿಕೆಯಂತಹ ಸರಕು ಮಾತ್ರ ದೂರದ ಪೇಟೆಯನ್ನು ಕಾಣುತ್ತಿತ್ತು. ಭತ್ತ, ಅಕ್ಕಿ, ಬಿದಿರು, ಮರಗಳಂತಹ ಭಾರವಾದ ಸರಕಿಗೆ ಬಾಡಿಗೆಯೇ ಬೆಲೆಯನ್ನು ನುಂಗಿಬಿಡುತ್ತಿದ್ದುದರಿಂದ ಅವು ಹುಟ್ಟಿದ ಸೀಮೆಯಲ್ಲಿಯೇ ಉಳಿಯುತ್ತಿದ್ದವು.

ದಾರಿ ಇಲ್ಲದಿರುವುದರಿಂದ ಆಗತಕ್ಕ ಹಾನಿಯನ್ನು ಮೈಸೂರು ಸೀಮೆಯು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಕಂಡಿತು. ಒಂದು ಕಡೆಯಲ್ಲಿ ಧಾನ್ಯವಿದ್ದರೂ ಅದನ್ನು ಹಸಿದವರ ಬಾಗಿಲಿಗೆ ಮುಟ್ಟಿಸುವ ಉಪಾಯವಿರಲಿಲ್ಲ. ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತುಹೋಗಿದ್ದವು. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕಡಿಮೆಯಾಗಿದ್ದಿತು. ರೈಲುದಾರಿಯನ್ನು ಹಾಕುವುದು ವೈಭವದ ಕಾರ್ಯವಲ್ಲ, ಪ್ರಾಣರಕ್ಷಣೆಯ ಕಾರ್ಯವೆಂಬ ನಂಬಿಕೆಯು ಸರ್ಕಾರದಲ್ಲಿ ಬಲವಾಗಿ ಬೇರೂರಿದ್ದು ಈ ಕಾರಣದಿಂದಲೇ. ೧೮೮೨ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಓಡಿತು. ತರುವಾಯ ತುಮಕೂರು, ಅರಸೀಕೆರೆ, ಬೀರೂರುಗಳ ಮಾರ್ಗವಾಗಿ ೧೮೮೯ರಲ್ಲಿ ಹರಿಹರದವರೆಗೆ ಹಳಿಗಳು ಮುಟ್ಟಿದವು.

ಬೀರೂರಿನಿಂದ ಶಿವಮೊಗ್ಗಕ್ಕೆ

ಹರಿಹರದ ದಾರಿಯು ಬಯಲುಸೀಮೆಯ ಅಂಚಿನಲ್ಲಿ ಹಾದುಹೋದದ್ದರಿಂದ ಮಲೆನಾಡು ಇನ್ನೂ ದೂರವೇ ಉಳಿದಿದ್ದಿತು. ಶಿವಮೊಗ್ಗದ ವರ್ತಕನು ತನ್ನ ಮೂಟೆಗಳನ್ನು ರೈಲಿಗೆ ಏರಿಸಬೇಕಾದರೆ ಬೀರೂರಿನವರೆಗೆ ಗಾಡಿ ಹೂಡಲೇಬೇಕಾಗಿತ್ತು. ಈ ಕೊರತೆಯನ್ನು ನೀಗುವುದಕ್ಕಾಗಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿದ್ದು ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ, ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗದವರೆಗೆ ಸುಮಾರು ೩೮ ಮೈಲಿ ಉದ್ದದ ಕವಲುದಾರಿಯನ್ನು ನಿರ್ಮಿಸಿ ೧೮೯೯ರಲ್ಲಿ ಸಂಚಾರಕ್ಕೆ ತೆರೆಯಲಾಯಿತು. ದಾರಿಯು ಸಂಸ್ಥಾನದ ಸ್ವತ್ತು. ರೈಲುಗಳನ್ನು ನಡೆಸುವ ಹೊಣೆಯು ಸದರ್ನ್ ಮರಾಠಾ ರೈಲ್ವೆ ಕಂಪೆನಿಯದು. ಹಳಿಯ ಅಗಲ ಒಂದು ಮೀಟರು.

ಈ ಮೀಟರು ಅಗಲವು ವರ್ತಕರಿಗೆ ಒಂದು ದೊಡ್ಡ ಅನುಕೂಲವಾಗಿತ್ತು. ಬೀರೂರಿನಿಂದ ಹುಬ್ಬಳ್ಳಿ, ಲೋಂಡಾಗಳ ಮೂಲಕ ಪುಣೆಯವರೆಗೂ, ಪಶ್ಚಿಮಕ್ಕೆ ಗೋವೆಯ ಮರ್ಮಗೋವಾ ಬಂದರದವರೆಗೂ ಅದೇ ಅಗಲದ ಹಳಿಯು ಇದ್ದಿತು. ಹಳಿಯ ಅಗಲವು ಬದಲಾಗುವ ಕಡೆಯಲ್ಲೆಲ್ಲ ಮೂಟೆಗಳನ್ನು ಒಂದು ಬಂಡಿಯಿಂದ ಇಳಿಸಿ ಮತ್ತೊಂದಕ್ಕೆ ಹೇರಬೇಕಾಗುವುದರಿಂದ ಕೂಲಿ, ಕಾಲ, ಪೋಲು ಎಂಬ ಮೂರು ನಷ್ಟಗಳು ಒಟ್ಟಿಗೆ ಬರುತ್ತವೆ. ಶಿವಮೊಗ್ಗದಲ್ಲಿ ಒಮ್ಮೆ ಬಾಗಿಲು ಮುಚ್ಚಿ ಮುದ್ರೆ ಹಾಕಿದ ಬಂಡಿಯು ಈ ನಷ್ಟವಿಲ್ಲದೆ ಅಷ್ಟು ದೂರ ಸಾಗಬಹುದಾಗಿತ್ತು.

ಈ ಕವಲುದಾರಿಯು ಭದ್ರಾ ನದಿಯನ್ನು ದಾಟುವ ಎಡೆಯಲ್ಲಿ ಆಗ ಇದ್ದದ್ದು ಬೆಂಕಿಪುರವೆಂಬ ಸಣ್ಣ ಊರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಅದರ ಸುತ್ತಲಿನ ಬೀದಿಗಳು, ನದಿಯ ದಡದ ಗದ್ದೆಗಳು, ಸುತ್ತಲೂ ದಟ್ಟವಾದ ಕಾಡು: ಊರಿನ ಸಂಪತ್ತು ಇಷ್ಟೇ. ಇಂದು ಓಲ್ಡ್ ಟೌನ್ ಎಂದು ಜನರು ಕರೆಯುವುದು ಈ ಹಳೆಯ ಊರನ್ನೇ. ೧೮೯೯ರಲ್ಲಿ ಇಲ್ಲಿ ನಿಂತ ರೈಲಿಗೆ ಹೇರುವುದಕ್ಕೆ ಮರಮುಟ್ಟು, ಅಕ್ಕಿಗಳ ಹೊರತು ಹೆಚ್ಚಿನ ಸರಕು ಇರಲಿಲ್ಲ. ಇಪ್ಪತ್ತೈದು ವರ್ಷಗಳೊಳಗಾಗಿ ಇದೇ ಊರು ಮೈಸೂರು ಸಂಸ್ಥಾನದ ಅತಿ ಭಾರವಾದ ಸರಕಿನ ತವರಾಗುವುದೆಂದು ಯಾರೂ ಎಣಿಸಿರಲಾರರು.

ಕಬ್ಬಿಣದ ಕಾರ್ಖಾನೆ

ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮವಾದ ಕಬ್ಬಿಣದ ಅದಿರು ಇದ್ದಿತು. ಭದ್ರೆಯ ಇಕ್ಕೆಲಗಳಲ್ಲಿ ಕಾಡು ಇದ್ದಿತು. ನೀರಿಗೆ ನದಿ, ರವಾನೆಗೆ ರೈಲು. ಕಲ್ಲಿದ್ದಲು ಮಾತ್ರ ಸಂಸ್ಥಾನದಲ್ಲಿ ಎಲ್ಲಿಯೂ ಇರಲಿಲ್ಲ. ಕಲ್ಲಿದ್ದಲಿಗೆ ಬದಲಾಗಿ ಮರದ ಇದ್ದಲಿನಿಂದ ಕಬ್ಬಿಣವನ್ನು ಕರಗಿಸಬಹುದೆಂಬ ಆಲೋಚನೆಯು ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡಿತು. ೧೯೧೮ರಲ್ಲಿ ಸಂಸ್ಥಾನವು ಬೆಂಕಿಪುರದಲ್ಲಿ ಮರವನ್ನು ಭಟ್ಟಿಯಿಳಿಸುವ ಮತ್ತು ಕಬ್ಬಿಣವನ್ನು ಕರಗಿಸುವ ಕಾರ್ಖಾನೆಯನ್ನು ಸ್ಥಾಪಿಸಿತು. ೧೯೨೩ರಲ್ಲಿ ಕುಲುಮೆಯಿಂದ ಕಬ್ಬಿಣವು ಹರಿಯಿತು. ಅದೇ ವರ್ಷ ನಿವೃತ್ತ ದಿವಾನರಾದ ವಿಶ್ವೇಶ್ವರಯ್ಯನವರೇ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷಪದವಿಯನ್ನು ವಹಿಸಿ, ನಷ್ಟದಲ್ಲಿ ಮುಳುಗಿದ್ದ ಉದ್ಯಮವನ್ನು ೧೯೨೯ರವರೆಗೆ ನಡೆಸಿ ನೆಲೆಗೆ ತಂದರು. ಬೆಂಕಿಪುರವು ಭದ್ರಾವತಿಯಾಯಿತು, ನಿಲ್ದಾಣದ ಫಲಕವೂ ಬದಲಾಯಿತು. ಕಾರ್ಖಾನೆಯ ನೌಕರರಿಗಾಗಿ ನ್ಯೂ ಟೌನ್ ಎಂಬ ಹೊಸ ಬಡಾವಣೆಯು ಎದ್ದ ಮೇಲೆಯೇ ಹಳೆಯ ಊರಿಗೆ ಓಲ್ಡ್ ಟೌನ್ ಎಂಬ ಹೆಸರು ಸಾರ್ಥಕವಾದದ್ದು.

ಕಬ್ಬಿಣದ ಕುಲುಮೆಯು ಸರಕನ್ನು ತಿನ್ನುವ ರೀತಿಯನ್ನು ರೈತರು ತಿಳಿದಿರಬೇಕು. ಒಂದು ಟನ್ನು ಕಬ್ಬಿಣವಾಗಬೇಕಾದರೆ ಒಳ್ಳೆಯ ಅದಿರು ಸುಮಾರು ಒಂದೂಮುಕ್ಕಾಲು ಟನ್ನು ಬೇಕು. ಮರದ ಇದ್ದಲು ಸುಮಾರು ಒಂದು ಟನ್ನು ಬೇಕು. ಕಲ್ಮಷವನ್ನು ಬೇರ್ಪಡಿಸಲು ಸುಣ್ಣಕಲ್ಲು ಬೇಕು. ಒಂದು ಟನ್ನು ಇದ್ದಲಿಗಾಗಿ ನಾಲ್ಕು ಟನ್ನಿಗೆ ಕಡಿಮೆಯಿಲ್ಲದಷ್ಟು ಸೌದೆಯನ್ನು ಸುಡಬೇಕು. ಭದ್ರಾವತಿಯ ಕುಲುಮೆಯನ್ನು ಮೊದಲು ದಿನಕ್ಕೆ ೬೦ ಟನ್ನು ಕಬ್ಬಿಣದ ಅಂದಾಜಿನಲ್ಲಿ ಕಟ್ಟಿದ್ದರು. ಆದಕಾರಣ ದಿನವೊಂದಕ್ಕೆ ಸೌದೆಯೇ ಸುಮಾರು ೨೪೦ ಟನ್ನು ಬರಬೇಕಾಗಿತ್ತು. ಎತ್ತಿನ ಗಾಡಿಗೆ ಅರ್ಧ ಟನ್ನು ಹೊರೆಯೆಂದು ಹಿಡಿದರೆ, ಸೌದೆಗಾಗಿ ಮಾತ್ರವೇ ದಿನಕ್ಕೆ ೪೮೦ ಗಾಡಿಗಳು! ಮಳೆಗಾಲದಲ್ಲಿಯೂ ಕುಲುಮೆಯ ಬೆಂಕಿ ಆರುವಂತಿಲ್ಲ. ಗಾಡಿಗಳಿಂದ ಆಗದ ಈ ಕಾರ್ಯಕ್ಕಾಗಿಯೇ ಸಣ್ಣ ಹಳಿಗಳ ಜಾಲವು ಹುಟ್ಟಿತು.

ಎರಡಡಿ ಅಗಲದ ಹಳಿಗಳು

ಕಾಡಿನಲ್ಲಿಯೂ ಬೆಟ್ಟದ ಬುಡದಲ್ಲಿಯೂ ದೊಡ್ಡ ರೈಲುದಾರಿಯನ್ನು ಹಾಕುವುದು ದುಬಾರಿ. ತಿರುವುಗಳು ಹೆಚ್ಚು, ಹಳ್ಳಗಳು ಹೆಚ್ಚು. ಎರಡಡಿ ಅಗಲದ ಟ್ರಾಮ್ ದಾರಿಯಾದರೆ ನೆಲದ ಏರುತಗ್ಗುಗಳನ್ನೇ ಅನುಸರಿಸಿ ಹೋಗಬಲ್ಲದು; ಒಂದು ಕಡೆಯ ಸೌದೆ ಮುಗಿದ ಬಳಿಕ ಹಳಿಗಳನ್ನು ಕಿತ್ತು ಮತ್ತೊಂದು ಕಡೆಗೆ ಒಯ್ಯಲೂಬಹುದು. ಭದ್ರಾವತಿಯಿಂದ ಕಾಡಿನೊಳಕ್ಕೆ ಇಂತಹ ಹಳಿಗಳನ್ನು ಹಾಯಿಸಿದರು. ಅದಿರಿನ ಹಾದಿಯು ಇವುಗಳಲ್ಲಿ ಮುಖ್ಯವಾದದ್ದು. ಕೆಮ್ಮಣ್ಣುಗುಂಡಿಯ ನೆತ್ತಿಯಲ್ಲಿ ಅಗೆದ ಅದಿರು ತೂಗುಹಗ್ಗದ ದಾರಿಯ ತೊಟ್ಟಿಗಳಲ್ಲಿ ಕಣಿವೆಯ ಮೇಲೆ ತೇಲುತ್ತ ಕೆಳಗಿನ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ೨೦ ಮೈಲಿಗೂ ಮೀರಿದ ಟ್ರಾಮ್ ದಾರಿಯಲ್ಲಿ ಸಣ್ಣ ಎಂಜಿನುಗಳು ಅದನ್ನು ಭದ್ರಾವತಿಗೆ ಎಳೆದು ತರುತ್ತಿದ್ದವು. ಸುಣ್ಣಕಲ್ಲು ಭದ್ರಾವತಿಯಿಂದ ಸುಮಾರು ೧೩ ಮೈಲಿ ದೂರದ ಭಂಡಿಗುಡ್ಡದಿಂದ ಬರುತ್ತಿತ್ತು.

ಹೀಗೆ ಸಣ್ಣ ಹಳಿಗಳು ಕಚ್ಚಾ ಪದಾರ್ಥವನ್ನು ಒಳಕ್ಕೆ ತಂದವು. ನಿಲ್ದಾಣದ ಮೀಟರು ಹಳಿಯು ತಯಾರಾದ ಪದಾರ್ಥವನ್ನು ಹೊರಕ್ಕೆ ಒಯ್ದಿತು. ಹೊರಗೆ ಹೋಗುತ್ತಿದ್ದುದು ಕಬ್ಬಿಣ ಮಾತ್ರವೇ ಅಲ್ಲ. ಸೌದೆಯನ್ನು ಬಯಲಿನಲ್ಲಿ ಸುಡದೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿದ್ದರಿಂದ ಅದರ ಹೊಗೆಯೂ ಹಣವಾಯಿತು: ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಮರದ ಡಾಂಬರುಗಳು ದೊರೆತವು. ೧೯೩೬ರಲ್ಲಿ ಉಕ್ಕಿನ ವಿಭಾಗವೂ ಆ ದಶಕದ ಕೊನೆಗೆ ಸಿಮೆಂಟಿನ ವಿಭಾಗವೂ ಕೂಡಿದವು. ಬಿದಿರನ್ನು ಅರೆದು ಕಾಗದ ಮಾಡತಕ್ಕ ಮೈಸೂರು ಕಾಗದದ ಕಾರ್ಖಾನೆಯು ೧೯೩೭ರಲ್ಲಿ ಇದೇ ಊರಿನಲ್ಲಿ ಸ್ಥಾಪಿತವಾಯಿತು. ಹೊಳೆ, ಕಾಡು, ರೈಲು ಮೂರೂ ಒಂದೆಡೆ ಕೂಡಿದ ಸ್ಥಳದ ಮಹಿಮೆ ಇದು.

ಇದೇ ಬೀರೂರು ಶಿವಮೊಗ್ಗ ದಾರಿಗೆ ತರೀಕೆರೆಯಲ್ಲಿ ಇನ್ನೊಂದು ಸಣ್ಣ ಕವಲು ಇದ್ದಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸುಮಾರು ೨೭ ಮೈಲಿಯ ಎರಡಡಿ ಅಗಲದ ಲಘು ರೈಲುದಾರಿಯು ೧೯೧೫ರಲ್ಲಿ ತೆರೆಯಿತು. ಮಲೆನಾಡಿನ ಮರ, ಅಡಿಕೆ, ಕಾಫಿಗಳನ್ನು ಬಯಲಿಗೆ ಇಳಿಸುವುದೇ ಅದರ ಉದ್ದೇಶ. ೧೯೧೯ರಲ್ಲಿ ಮೈಸೂರು ಸರ್ಕಾರವು ಬೀರೂರು ಶಿವಮೊಗ್ಗ ದಾರಿಯ ಆಡಳಿತವನ್ನು ಕಂಪೆನಿಯಿಂದ ತನ್ನ ವಶಕ್ಕೆ ತೆಗೆದುಕೊಂಡ ಮೇಲೆ ಈ ದಾರಿಗಳ ಬಾಡಿಗೆಯನ್ನೂ ಬಂಡಿಗಳನ್ನೂ ಸಂಸ್ಥಾನದ ಉದ್ಯಮಗಳಿಗೆ ಒಪ್ಪುವಂತೆ ಏರ್ಪಡಿಸುವುದು ಸುಲಭವಾಯಿತು.

ಕಾಡಿನ ಲೆಕ್ಕ

ಈ ಸಂಪತ್ತಿನ ಲೆಕ್ಕದಲ್ಲಿ ಖರ್ಚಿನ ಕಲಮು ಒಂದುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ದಿನಕ್ಕೆ ೨೪೦ ಟನ್ನಿನಂತೆ ಸೌದೆಯು ಬರುತ್ತಿದ್ದುದು ಸುತ್ತಲಿನ ಕಾಡಿನಿಂದಲೇ. ಕಡಿದ ಕಾಡು ಮತ್ತೆ ಚಿಗುರುವುದಕ್ಕೆ ವರ್ಷಗಳು ಬೇಕು. ಕುಲುಮೆಯ ಹಸಿವಿಗೆ ಒಂದು ದಿನವೂ ಬಿಡುವಿಲ್ಲ. ಹತ್ತಿರದ ಕಾಡು ತೆಳುವಾದಂತೆ ಹಳಿಗಳು ದೂರ ದೂರಕ್ಕೆ ಚಾಚಬೇಕಾಯಿತು. ದೂರ ಹೆಚ್ಚಿದಂತೆ ಸೌದೆಯ ವೆಚ್ಚವೂ ಹೆಚ್ಚಿತು. ಸೊಪ್ಪಿನ ಬೆಟ್ಟ, ತೋಟದ ಮುಚ್ಚಿಗೆ, ದನದ ಮೇವು, ಊರಿನ ಹಳ್ಳದ ನೀರು ಎಲ್ಲವೂ ಕಾಡನ್ನೇ ನಂಬಿಕೊಂಡಿರುವ ಮಲೆನಾಡಿನಲ್ಲಿ ಕಾಡು ಹಿಂಜರಿಯುವುದು ಬೇಸಾಯಗಾರನಿಗೂ ನಷ್ಟವೇ ಸರಿ.

ಈ ತೊಡಕಿಗೆ ಪರಿಹಾರವು ದೊರೆತದ್ದು ಮತ್ತೊಂದು ರೈಲುದಾರಿಯ ತುದಿಯಲ್ಲಿ. ಶಿವಮೊಗ್ಗದಿಂದ ಮುಂದಕ್ಕೆ, ತುಂಗೆಯನ್ನು ದಾಟಿ, ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೂಲಕ ತಾಳಗುಪ್ಪದವರೆಗೆ ಹಳಿಯನ್ನು ೧೯೩೦ರ ದಶಕದಲ್ಲಿ ಹಂತಹಂತವಾಗಿ ಹಾಕಿ ೧೯೪೦ರಲ್ಲಿ ಪೂರೈಸಿದರು. ತಾಳಗುಪ್ಪದಿಂದ ಜೋಗದ ಜಲಪಾತವು ಅನತಿದೂರ. ಶರಾವತಿಯ ವಿದ್ಯುತ್ ಯೋಜನೆಗೆ ಬೇಕಾದ ಭಾರವಾದ ಸಾಮಗ್ರಿಗಳಿಗೆ ಈ ರೈಲುದಾರಿಯು ಆಸರೆಯಾಯಿತು. ೧೯೪೮ರಲ್ಲಿ ಜೋಗದ ವಿದ್ಯುತ್ತು ಹರಿಯತೊಡಗಿತು. ೧೯೫೨ರಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ನಿಂತವು. ಶಾಖವನ್ನು ವಿದ್ಯುತ್ತೇ ಒದಗಿಸುವುದರಿಂದ, ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸುವಷ್ಟಕ್ಕೆ ಮಾತ್ರವೇ ಇದ್ದಲು ಸಾಕಾಯಿತು. ಒಂದು ಹಾದಿಯು ಯಂತ್ರವನ್ನು ಜೋಗದ ಕಡೆಗೆ ಒಯ್ದಿತು. ಅಲ್ಲಿ ಹುಟ್ಟಿದ ಶಕ್ತಿಯು ತಂತಿಯ ಮೇಲೆ ಹಿಂದಿರುಗಿ ಬಂದು ಕಾಡಿನ ಮೇಲಣ ಹೊರೆಯನ್ನು ಇಳಿಸಿತು. ಸೌದೆಯ ಹೊರೆ ಇಳಿದ ಮೇಲೆ ಸೌದೆಯ ಹಳಿಗಳಿಗೆ ಕೆಲಸವು ತಪ್ಪಿತು. ಕಾಲಕ್ರಮದಲ್ಲಿ ಕಾಡಿನ ಟ್ರಾಮ್ ದಾರಿಗಳೂ, ತೂಗುಹಗ್ಗದ ದಾರಿಯೂ, ತರೀಕೆರೆಯ ಲಘು ರೈಲೂ ಇಲ್ಲವಾದವು. ಅದಿರಿನ ಗಣಿಯಾಗಿದ್ದ ಕೆಮ್ಮಣ್ಣುಗುಂಡಿಯನ್ನು ಇಂದು ಜನರು ತೋಟಗಾರಿಕೆ ಇಲಾಖೆಯ ಗಿರಿಧಾಮವೆಂದು ಬಲ್ಲರು.

ಅಡಿಕೆಯೂ ರೈಲೂ

ಕಾರ್ಖಾನೆಯ ಸರಕಿನ ಜೊತೆಯಲ್ಲಿಯೇ ತೋಟದ ಸರಕೂ ಈ ಹಳಿಗಳ ಮೇಲೆ ಸಾಗಿತು. ತೋಟಗಾರನಿಗೆ ರೈಲಿನಿಂದ ಆದ ಉಪಕಾರವು ಎರಡು ಬಗೆಯದು. ಮೊದಲನೆಯದು, ಒಳಗೆ ಬರುವ ಸರಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ ಪ್ರಚಾರಕ್ಕೆ ತಂದವರು ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು; ತರುವಾಯ ಅವರು ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದರು. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು ಎಂಬುದು ಇಂದಿಗೂ ನಡೆದುಬಂದಿರುವ ಪ್ರಮಾಣ. ಸುಣ್ಣ, ನೀರುಗಳು ಊರಿನಲ್ಲಿ ದೊರೆಯಬಹುದು. ಮೈಲುತುತ್ತವು ಹೊರಗಿನಿಂದಲೇ ಬರಬೇಕಾಗಿತ್ತು, ಅದೂ ಮುಂಗಾರು ಹಿಡಿಯುವುದಕ್ಕೆ ಮೊದಲೇ ಬಂದು ಸೇರಬೇಕಾಗಿತ್ತು. ಸಿಂಪಡಣೆಯ ಕಾಲವು ಹದಿನೈದು ದಿವಸ ತಪ್ಪಿದರೆ ಕೊಳೆಯು ತೋಟವನ್ನು ಹಿಡಿಯುತ್ತದೆ. ಶಾಸ್ತ್ರಜ್ಞನ ಬುದ್ಧಿಯು ರೈತನ ಗೊನೆಯನ್ನು ತಲುಪಬೇಕಾದರೆ ನಡುವೆ ದಾರಿಯೊಂದು ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಎರಡನೆಯದು, ಹೊರಗೆ ಹೋಗುವ ಸರಕು. ರೈಲು ಬಂದೊಡನೆ ಬೆಳೆಗಾರನಿಗೆ ನ್ಯಾಯವಾದ ಬೆಲೆಯು ದೊರೆಯಿತೆಂದು ಹೇಳಲಾಗದು. ದೂರದ ಪೇಟೆಯ ಧಾರಣೆಯನ್ನು ಬಲ್ಲವನೂ, ಬಂಡಿ ತುಂಬುವಷ್ಟು ಸರಕು ಉಳ್ಳವನೂ ಮಂಡಿಯವನೇ ಹೊರತು ಅರ್ಧ ಎಕರೆ ತೋಟದವನಲ್ಲ. ಆದುದರಿಂದ ರೈಲಿನ ಲಾಭವು ಬಹುಕಾಲ ನಡುವಿನವರ ಕೈಯಲ್ಲಿಯೇ ಉಳಿಯಿತು. ೧೯೩೯ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು ಸ್ಥಾಪಿತವಾಯಿತು. ಸಣ್ಣ ಸಣ್ಣ ತೋಟಗಳ ಅಡಿಕೆಯನ್ನು ಒಂದೆಡೆ ಕೂಡಿಹಾಕಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಜಾತಿವಾರು ವಿಂಗಡಿಸಿ, ಖರೀದಿದಾರರ ಮುಂದೆ ಒಟ್ಟಾಗಿ ಇಡುವ ಏರ್ಪಾಡಿನಿಂದ ಸಣ್ಣ ತೋಟದವನ ಮೂಟೆಗೂ ದೊಡ್ಡ ಪೇಟೆಯ ಬೆಲೆಯು ಸಮೀಪವಾಯಿತು. ರೈಲು ಬಂದದ್ದು ೧೮೯೯ರಲ್ಲಿ. ಬೆಳೆಗಾರರ ಸಂಘವು ಬಂದದ್ದು ೧೯೩೯ರಲ್ಲಿ. ನಡುವಿನ ನಲವತ್ತು ವರ್ಷಗಳಲ್ಲಿ ದಾರಿಯು ಇದ್ದರೂ ಬೆಳೆಗಾರರು ಒಂದುಗೂಡದೆ ಇದ್ದುದರಿಂದ ಆದ ನಷ್ಟವನ್ನು ಪ್ರತಿ ಗ್ರಾಮವೂ ಊಹಿಸಿಕೊಳ್ಳಬಹುದು.

ಕಾಲದ ಬದಲಾವಣೆ

೧೯೫೦ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ಕೇಂದ್ರ ಸರ್ಕಾರದ ವಶವಾಗಿ, ೧೯೫೧ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿತು. ೨೦೦೩ರಿಂದ ಈ ದಾರಿಗಳು ನೈಋತ್ಯ ರೈಲ್ವೆಗೆ ಸೇರಿವೆ. ೧೯೯೦ರ ದಶಕದಲ್ಲಿ ಬೀರೂರು ಶಿವಮೊಗ್ಗ ದಾರಿಯ ಮೀಟರು ಹಳಿಯನ್ನು ತೆಗೆದು ಐದೂವರೆ ಅಡಿ ಅಗಲದ ಹಳಿಯನ್ನು ಹಾಕಿದರು. ತಾಳಗುಪ್ಪದ ದಾರಿಯು ಬಹುಕಾಲ ಸೊರಗಿ, ೨೦೧೧ರ ಹೊತ್ತಿಗೆ ಅದೂ ಅಗಲವಾಯಿತು. ಅಗಲವಾದ ಹಳಿಯಿಂದ ದೇಶದ ಯಾವ ಮೂಲೆಗಾದರೂ ಮೂಟೆಯನ್ನು ನಡುವೆ ಇಳಿಸದೆ ಕಳುಹಿಸಬಹುದಾದದ್ದು ನಿಜ.

ಆದರೆ ಸರಕನ್ನು ಸಾಗಿಸುವ ಪದ್ಧತಿಯೂ ಬದಲಾಯಿತು. ಹಿಂದೆ ಬಿಡಿ ಮೂಟೆಗಳನ್ನೂ ಒಂದೊಂದು ಬಂಡಿಯನ್ನೂ ಸಣ್ಣ ನಿಲ್ದಾಣಗಳಲ್ಲಿ ಹೇರುತ್ತಿದ್ದರು. ಈಗ ಸರಕಿನ ರೈಲು ಸಾಮಾನ್ಯವಾಗಿ ಇಡಿಯಾಗಿ ಒಂದೇ ಕಡೆ ಹೊರಟು ಒಂದೇ ಕಡೆ ಮುಟ್ಟುತ್ತದೆ. ನಲವತ್ತಕ್ಕೂ ಹೆಚ್ಚು ಮುಚ್ಚಿದ ವ್ಯಾಗನುಗಳ ಇಂತಹ ಒಂದು ಸಾಲಿಗೆ ಸುಮಾರು ಎರಡೂವರೆ ಸಾವಿರ ಟನ್ನು ಸರಕು ಬೇಕು. ಯೂರಿಯಾ ಗೊಬ್ಬರದ ೪೫ ಕಿಲೋ ಚೀಲಗಳ ಲೆಕ್ಕದಲ್ಲಿ ಇದು ೫೫ ಸಾವಿರ ಚೀಲ. ಇಷ್ಟನ್ನು ಗೊತ್ತುಪಡಿಸಿದ ಕೆಲವೇ ಗಂಟೆಗಳೊಳಗೆ ಹೇರಬೇಕು ಅಥವಾ ಇಳಿಸಬೇಕು. ತಡವಾದರೆ ದಂಡ ತೆರಬೇಕು. ಕಬ್ಬಿಣ, ಸಿಮೆಂಟು, ಗೊಬ್ಬರಗಳಿಗೆ ಈ ಪದ್ಧತಿಯು ಹೊಂದುತ್ತದೆ. ಒಬ್ಬ ರೈತನ ಇಪ್ಪತ್ತು ಮೂಟೆಗೆ ಹೊಂದುವುದಿಲ್ಲ. ಆದಕಾರಣವೇ ಮಲೆನಾಡಿನ ಅಡಿಕೆಯ ಬಹುಪಾಲು ಲಾರಿಗಳ ಪಾಲಾಗಿದೆ.

ಅತ್ತ ಕಾರ್ಖಾನೆಗಳ ಸರಕೂ ಕುಂದಿದೆ. ಕಬ್ಬಿಣದ ಕಾರ್ಖಾನೆಯು ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದು, ೧೯೮೯ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, ೧೯೯೮ರಲ್ಲಿ ಅದರಲ್ಲಿಯೇ ವಿಲೀನವಾಯಿತು. ೨೦೨೩ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರವು ಪ್ರಕಟವಾಗಿ, ಅದೇ ವರ್ಷ ಕೆಲಸವು ಭಾಗಶಃ ಮರಳಿ ಆರಂಭವಾಯಿತು. ಕಾಗದದ ಕಾರ್ಖಾನೆಯಲ್ಲಿ ೨೦೧೫ರಲ್ಲಿ ಉತ್ಪಾದನೆಯು ನಿಂತಿತು. ಅದರ ಜೊತೆಗಿದ್ದ ಸಕ್ಕರೆಯ ವಿಭಾಗವನ್ನು ನಂಬಿ ಕಬ್ಬು ನೆಟ್ಟಿದ್ದ ರೈತರು ಬೇರೆ ದಾರಿಯನ್ನು ಹುಡುಕಿಕೊಳ್ಳಬೇಕಾಯಿತು. ಒಂದೇ ಕಾರ್ಖಾನೆಯ ಬಾಗಿಲನ್ನು ನಂಬಿ ಬೆಳೆ ಇಡುವುದರಲ್ಲಿರುವ ಅಪಾಯವು ಆಗ ಭದ್ರಾ ಅಚ್ಚುಕಟ್ಟಿನ ಹಳ್ಳಿಗಳಿಗೆ ಮನವರಿಕೆಯಾಯಿತು.

ಗ್ರಾಮಗಳು ಗಮನಿಸತಕ್ಕ ಅಂಶಗಳು

ಈ ವೃತ್ತಾಂತದಿಂದ ಹೊರಡುವ ತಾತ್ಪರ್ಯವು ಒಂದೇ. ಹಳಿಯು ಸರಕನ್ನು ಹುಟ್ಟಿಸುವುದಿಲ್ಲ. ಸರಕೇ ಹಳಿಯನ್ನು ಉಳಿಸುತ್ತದೆ. ಸೌದೆಯ ಹಳಿಯು ಸೌದೆಯ ಅವಶ್ಯಕತೆಯಿದ್ದಷ್ಟು ಕಾಲ ಬಾಳಿತು; ಅದಿರಿನ ಹಾದಿಯು ಅದಿರಿನೊಡನೆ ಹೋಯಿತು. ಬೀರೂರು ಶಿವಮೊಗ್ಗ ದಾರಿಯು ಉಳಿದಿರುವುದು ಅದು ಒಂದೇ ಸರಕನ್ನು ನಂಬದೆ, ಜನರನ್ನೂ ಧಾನ್ಯವನ್ನೂ ಗೊಬ್ಬರವನ್ನೂ ಕಬ್ಬಿಣವನ್ನೂ ಹೊತ್ತದ್ದರಿಂದ. ಕಾರ್ಖಾನೆಯ ಸರಕು ಕುಂದಿರುವ ಈ ಕಾಲದಲ್ಲಿ ಆ ಸ್ಥಾನವನ್ನು ಹೊಲದ ಸರಕು ತುಂಬಬಲ್ಲದೇ ಎಂಬುದು ಹಳ್ಳಿಗಳ ಮುಂದಿರುವ ಪ್ರಶ್ನೆ.

ಮೊದಲನೆಯದಾಗಿ, ಒಂದೊಂದು ಸಹಕಾರ ಸಂಘವೂ ತನ್ನ ವ್ಯಾಪ್ತಿಯ ಗ್ರಾಮಗಳಲ್ಲಿ ಯಾವ ತಿಂಗಳಿನಲ್ಲಿ ಎಷ್ಟು ಭತ್ತ, ಎಷ್ಟು ಮುಸುಕಿನ ಜೋಳ, ಎಷ್ಟು ಅಡಿಕೆ ಪೇಟೆಗೆ ಹೊರಡುತ್ತದೆಂಬ ಪಟ್ಟಿಯನ್ನು ತಯಾರಿಸಿ ಇಟ್ಟುಕೊಳ್ಳತಕ್ಕದ್ದು. ಪಟ್ಟಿಯಿಲ್ಲದೆ ಹೋಗಿ ವ್ಯಾಗನು ಬೇಕೆಂದು ಕೇಳಿದರೆ ರೈಲ್ವೆಯವರು ಲಕ್ಷ್ಯಕ್ಕೆ ತಂದುಕೊಳ್ಳಲಾರರು.

ಎರಡನೆಯದಾಗಿ, ಭಾರವಾದ, ಒಂದೇ ಜಾತಿಯ, ಬೇಗ ಕೆಡದ ಸರಕು ರೈಲಿಗೆ ಹೊಂದುತ್ತದೆ. ಶಿಕಾರಿಪುರ, ಸೊರಬ ಕಡೆಯ ಮುಸುಕಿನ ಜೋಳವೂ ಅಚ್ಚುಕಟ್ಟಿನ ಭತ್ತವೂ ಇಂತಹವು. ಪೂರ್ಣ ಸಾಲು ತುಂಬದಿದ್ದಲ್ಲಿ ಸುಮಾರು ಇಪ್ಪತ್ತು ವ್ಯಾಗನುಗಳ ಕಿರುಸಾಲಿಗೂ ರೈಲ್ವೆಯ ನಿಯಮಗಳಲ್ಲಿ ಅವಕಾಶವುಂಟು. ಒಂದು ಸಂಘಕ್ಕೆ ಅದೂ ದೊಡ್ಡದಾದರೆ ನಾಲ್ಕಾರು ಸಂಘಗಳು ಕೂಡಬಹುದು. ಹನಿಗೂಡಿದರೆ ಹಳ್ಳವೆಂಬ ಗಾದೆಯು ಈ ವಿಷಯದಲ್ಲಿ ಅಕ್ಷರಶಃ ನಿಜ.

ಮೂರನೆಯದಾಗಿ, ನಿಲ್ದಾಣದ ಬಳಿ ಒಣಗಿದ ಉಗ್ರಾಣವೂ, ಲಾರಿಗಳು ಹಿಂದೆಮುಂದೆ ತಿರುಗತಕ್ಕ ಅಂಗಳವೂ, ಮಳೆಗಾಲದಲ್ಲಿ ಹೂತುಹೋಗದ ರಸ್ತೆಯೂ ಇಲ್ಲದಿದ್ದರೆ ಹಳಿಯಿದ್ದೂ ಇಲ್ಲದಂತೆಯೇ. ಗೊಬ್ಬರದ ರೈಲು ಬಂದಾಗ ಚೀಲಗಳು ಮಳೆಯಲ್ಲಿ ನೆನೆದರೆ ನಷ್ಟವು ಕೊನೆಗೆ ಹೊಲಕ್ಕೇ ತಟ್ಟುತ್ತದೆ. ಈ ವಿಷಯವನ್ನು ಗ್ರಾಮ ಪಂಚಾಯಿತಿಗಳೂ ಮಾರುಕಟ್ಟೆ ಸಮಿತಿಗಳೂ ಮುಂದಾಗಿ ವಿಚಾರಿಸತಕ್ಕದ್ದು.

ನಾಲ್ಕನೆಯದಾಗಿ, ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗತಕ್ಕ ಹೊಸ ರೈಲುದಾರಿಗೆ ೨೦೨೩ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ನಿಲ್ದಾಣವು ಎಲ್ಲಿ ನಿಲ್ಲಬೇಕು, ಸರಕಿನ ಅಂಗಳಕ್ಕೆ ಎಷ್ಟು ಜಾಗ ಬಿಡಬೇಕು, ಹೊಲಗಳಿಗೆ ಹೋಗುವ ಗಾಡಿದಾರಿಯೂ ನೀರಿನ ಕಾಲುವೆಯೂ ಕಟ್ಟೆಯ ಅಡಿಯಲ್ಲಿ ಹೇಗೆ ಹಾಯಬೇಕು ಎಂಬ ಅಹವಾಲುಗಳನ್ನು ಹಳಿ ಬಿದ್ದ ಮೇಲೆ ಹೇಳಿ ಫ‍ಲವಿಲ್ಲ. ಭೂಮಿಯನ್ನು ಕೊಡುವ ರೈತರು ತಮ್ಮ ಸರಕಿನ ಲೆಕ್ಕವನ್ನು ಕೈಯಲ್ಲಿ ಹಿಡಿದು ಮೊದಲೇ ಮಾತನಾಡಬೇಕು.

ಕಟ್ಟಕಡೆಯದಾಗಿ, ಕಾಡಿನ ಲೆಕ್ಕವನ್ನು ಮರೆಯತಕ್ಕದ್ದಲ್ಲ. ಬೇಗ ಹಣ ತರುವ ಸರಕು ನೆಲದ ಬೇರನ್ನೇ ಕಿತ್ತು ತರುವಂಥದಾದರೆ, ಅದನ್ನು ಹೊತ್ತ ಹಳಿಯೂ ಬಾಳುವುದಿಲ್ಲ, ಅದನ್ನು ಕೊಟ್ಟ ಊರೂ ಬಾಳುವುದಿಲ್ಲ. ಪ್ರತಿ ವರ್ಷವೂ ಮತ್ತೆ ಹುಟ್ಟುವುದು ಹೊಲದ ಬೆಳೆ, ತೋಟದ ಫಲ. ಮಣ್ಣನ್ನು ಕಾಪಾಡಿಕೊಂಡು, ಒಟ್ಟಾಗಿ ಬೆಳೆದು, ಒಟ್ಟಾಗಿ ವಿಂಗಡಿಸಿ, ಒಟ್ಟಾಗಿ ಹೇರುವ ಗ್ರಾಮಗಳು ಭದ್ರಾವತಿಯ ನಿಲ್ದಾಣಕ್ಕೆ ಎಂದಿಗೂ ಬತ್ತದ ಸರಕನ್ನು ಒದಗಿಸಬಲ್ಲವು. ಆ ನಿಲ್ದಾಣವೂ ಅಂತಹ ಗ್ರಾಮಗಳಿಗೆ ದೇಶದ ಎಲ್ಲ ಪೇಟೆಗಳ ಬಾಗಿಲನ್ನು ತೆರೆದಿಡಬಲ್ಲದು.